ಗೆದ್ದ ಶಿಷ್ಯವೃತ್ತಿಯೂ ತೀರಿಸಬೇಕಾದ ಋಣವೂ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಹುಟ್ಟಿದ್ದು ಗುಡಿಯ ಬಾಗಿಲಲ್ಲಿ. ಆದರೆ ಅದು ಹೆಚ್ಚಾಗಿ ಅನ್ವಯವಾಗುವದು ಸರಕಾರೀ ಕಚೇರಿಯ ಬಾಗಿಲಲ್ಲಿ. 2025ನೆಯ ಇಸವಿಯ ಜುಲೈ ತಿಂಗಳಲ್ಲಿ ಈ ಗಾದೆಯನ್ನು ನೆನೆಯುವ ಪ್ರಸಂಗವೊಂದು ಬಂದೊದಗಿತು. ಪರದೇಶದಲ್ಲಿ ಉನ್ನತ ವ್ಯಾಸಂಗ ಮಾಡುವದಕ್ಕಾಗಿ ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಖಾತೆಯವರು ಕೊಡುವ ರಾಷ್ಟ್ರೀಯ ಸಾಗರೋತ್ತರ ಶಿಷ್ಯವೃತ್ತಿಗೆ ಆ ವರ್ಷ 106 ಮಂದಿ ಆಯ್ಕೆಯಾದರು. ಅವರಲ್ಲಿ 40 ಮಂದಿಗೆ ಮಾತ್ರ ತಾತ್ಪೂರ್ತಿಕ ಮಂಜೂರಿ ಪತ್ರಗಳು ದೊರೆತವು. ಮಿಕ್ಕ 66 ಮಂದಿಗೆ, ಹಣ ಒದಗಿದರೆ ಪತ್ರ ಬರಬಹುದು ಎಂಬ ಉತ್ತರ ದೊರೆಯಿತು. ಪರೀಕ್ಷೆಯಲ್ಲಿ ಗೆದ್ದಾಗಿದೆ, ವಿಶ್ವವಿದ್ಯಾಲಯವು ಬಾ ಎಂದು ಕರೆದಾಗಿದೆ, ಪಟ್ಟಿಯಲ್ಲಿ ಹೆಸರೂ ಬಂದಾಗಿದೆ. ಹಣವೊಂದು ಮಾತ್ರ ಬಂದಿಲ್ಲ! ಮುಂದೆ ಹಣ ಒದಗಿದರೂ ಒದಗದಿದ್ದರೂ ಆ ವಾರಗಳಲ್ಲಿ ಆ ತರುಣ ತರುಣಿಯರೂ ಅವರ ತಂದೆತಾಯಂದಿರೂ ಪಟ್ಟ ತಳಮಳವನ್ನು ಯಾವ ಖಜಾನೆಯೂ ತುಂಬಿಕೊಡಲಾರದು.

ಈ ಸಂಗತಿಯನ್ನು ಕೇವಲ ಒಂದು ಖಾತೆಯ ಲೆಕ್ಕಪತ್ರದ ತೊಡಕೆಂದು ತಳ್ಳಿಹಾಕುವದು ಸುಲಭ. ಆದರೆ ಶಿಷ್ಯವೃತ್ತಿಯೆಂಬುದು ಭಿಕ್ಷೆಯೋ, ಬಹುಮಾನವೋ, ಅಥವಾ ಸಮಾಜವು ತನ್ನ ಮಕ್ಕಳೊಡನೆ ಮಾಡಿಕೊಂಡ ಕರಾರೋ ಎಂಬ ಮೂಲಭೂತ ಪ್ರಶ್ನೆಯು ಇದರೊಳಗೆ ಅಡಗಿರುವದು. ಅದರಲ್ಲಿಯೂ ನ್ಯಾಯಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಕಡಲು ದಾಟುವವರ ವಿಷಯದಲ್ಲಿ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾಗುವದು. ಏಕೆಂದರೆ ನ್ಯಾಯವನ್ನು ಕಲಿಯಹೊರಟವರಿಗೇ ಅನ್ಯಾಯವಾದರೆ ಆ ವಿದ್ಯೆಯ ಮೊದಲ ಪಾಠವೇ ವಿಪರೀತವಾದಂತಾಯಿತು. ಈ ಪ್ರಶ್ನೆಯು ಇಂದಿನದಲ್ಲ. ಇದಕ್ಕೆ ನೂರ ಮೂವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸದ ಮೊದಲ ಪುಟದಲ್ಲಿರುವವಳು ಒಬ್ಬ ಹೆಣ್ಣುಮಗಳು.

ಗೆದ್ದವಳಿಗೆ ದೊರೆಯದ ವೇತನ

ಕೊರ್ನೇಲಿಯಾ ಸೊರಾಬಜಿಯವರು 1866ರಲ್ಲಿ ನಾಸಿಕದಲ್ಲಿ ಜನಿಸಿದರು. ತಂದೆಯವರು ಪಾರಸೀ ಮನೆತನದಿಂದ ಕ್ರೈಸ್ತಮತಕ್ಕೆ ಬಂದವರು. ತಾಯಿಯವರು ಪುಣೆಯಲ್ಲಿ ಶಾಲೆಯನ್ನು ನಡೆಯಿಸಿ ಹೆಸರಾದವರು. ಬೆಳಗಾವಿ ಧಾರವಾಡಗಳೂ ಸೇರಿದ್ದ ಅಂದಿನ ಮುಂಬಯಿ ಇಲಾಖೆಗೆಲ್ಲ ವಿದ್ಯೆಯ ಕೇಂದ್ರವಾಗಿದ್ದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಕುಳಿತು ಈ ಕುಮಾರಿಯು ಓದಿದಳು. ಮುಂಬಯಿ ವಿಶ್ವವಿದ್ಯಾಲಯದ ಪ್ರಥಮ ಮಹಿಳಾ ಪದವೀಧರೆಯೆನಿಸಿದಳು. ಪ್ರಥಮ ಶ್ರೇಣಿಯಲ್ಲಿ ಉತ್ತೀರ್ಣಳಾದ್ದರಿಂದ, ಇಂಗ್ಲಂಡಿಗೆ ಹೋಗಿ ವ್ಯಾಸಂಗ ಮಾಡಲು ಭಾರತ ಸರಕಾರವು ಕೊಡುತ್ತಿದ್ದ ಶಿಷ್ಯವೃತ್ತಿಯು ನ್ಯಾಯವಾಗಿ ಆಕೆಗೇ ಸಲ್ಲಬೇಕಾಗಿದ್ದಿತು. ಆದರೆ ಸರಕಾರವು ಅದನ್ನು ಕೊಡಲಿಲ್ಲ. ಕಾರಣವೇನು? ಅಂಕಗಳು ಕಡಿಮೆಯೆಂದೇ? ನಡತೆ ಸರಿಯಿಲ್ಲವೆಂದೇ? ಅಲ್ಲ, ಆಕೆಯು ಹೆಣ್ಣು ಎಂಬುದೊಂದೇ ಕಾರಣ. ಶಿಷ್ಯವೃತ್ತಿಯ ನಿಯಮವನ್ನು ಬರೆದವರ ಮನಸ್ಸಿನಲ್ಲಿ ಹೆಣ್ಣೊಬ್ಬಳು ಗೆದ್ದಾಳೆಂಬ ಕಲ್ಪನೆಯೇ ಇರಲಿಲ್ಲ. ಗೆದ್ದ ಮೇಲೆ ನಿಯಮವನ್ನು ತಿದ್ದುವ ಔದಾರ್ಯವೂ ಇರಲಿಲ್ಲ.

ಆಕೆಯು ಅಳುತ್ತ ಕೂಡಲಿಲ್ಲ. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಅಧ್ಯಾಪಕಳಾಗಿ ಕೆಲಕಾಲ ದುಡಿದಳು. ಇತ್ತ ಇಂಗ್ಲಂಡಿನಲ್ಲಿ ಶ್ರೀಮತಿ ಮೇರಿ ಹಾಬ್‌ಹೌಸ್‌ರವರು ಈ ಅನ್ಯಾಯವನ್ನು 1888ರಲ್ಲಿ ಟೈಮ್ಸ್ ಪತ್ರಿಕೆಯ ಮೂಲಕ ಸಾರ್ವಜನಿಕರ ಗಮನಕ್ಕೆ ತಂದರು. ದ್ರವ್ಯಸಹಾಯ ಮಾಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರೂ, ಮುಂದೆ ಕಾಂಗ್ರೆಸ್ಸಿನ ಅಧ್ಯಕ್ಷರಾದ ಸರ್ ವಿಲಿಯಂ ವೆಡರ್‌ಬರ್ನ್ ಅವರೂ ಇದ್ದರು. ಸರಕಾರವು ನಿರಾಕರಿಸಿದ ಶಿಷ್ಯವೃತ್ತಿಯನ್ನು ಜನರು ತಮ್ಮ ಕಿಸೆಯಿಂದ ಕೂಡಿಸಿಕೊಟ್ಟರು. 1889ರಲ್ಲಿ ಆಕೆಯು ಆಕ್ಸಫರ್ಡಿನ ಸಾಮರ್ವಿಲ್ ವಸತಿಯನ್ನು ಸೇರಿದಳು.

ಅಲ್ಲಿಯೂ ಬಾಗಿಲುಗಳು ತಾವಾಗಿಯೇ ತೆರೆಯಲಿಲ್ಲ. ಹೆಣ್ಣುಮಗಳಿಗೆ ಸಾಹಿತ್ಯವೋ ಅಧ್ಯಾಪನವೋ ಒಪ್ಪುವದೆಂದು ಹಿತೈಷಿಗಳೇ ಬೋಧಿಸಿದರು. ಆಕೆಯ ಮನಸ್ಸು ಕಾಯದೆಯ ಮೇಲಿದ್ದಿತು. ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ವಯೋವೃದ್ಧ ಬೆಂಜಮಿನ್ ಜೌವೆಟ್‌ರು ಆಕೆಯ ಬೆನ್ನಿಗೆ ನಿಂತರು. ಆಲ್ ಸೋಲ್ಸ್ ಕಾಲೇಜಿನ ಕಾಡ್ರಿಂಗ್ಟನ್ ಗ್ರಂಥಾಲಯದಲ್ಲಿ ಓದಲು ಅನುಮತಿ ಪಡೆದ ಮೊದಲನೆಯ ಸ್ತ್ರೀ ಆಕೆಯೇ. ಹೆಸರಿನಲ್ಲಿ 'ಬ್ಯಾಚಲರ್' ಎಂದಿದ್ದರೂ ಬಿ.ಸಿ.ಎಲ್. ಎಂಬುದು ಪದವಿಯ ಮೇಲಿನ ಕಠಿಣ ವ್ಯಾಸಂಗ. ಇಂದಿಗೂ ನ್ಯಾಯಶಾಸ್ತ್ರದ ಸ್ನಾತಕೋತ್ತರ ಪದವಿಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. 1892ರಲ್ಲಿ ಆ ಪರೀಕ್ಷೆಯ ಹೊತ್ತಿಗೆ, ಹೆಣ್ಣನ್ನು ಪರೀಕ್ಷಿಸಲಾರೆನೆಂಬ ತಕರಾರು ಹುಟ್ಟಿತು. ವಿಶ್ವವಿದ್ಯಾಲಯವು ವಿಶೇಷ ನಿರ್ಣಯವನ್ನು ಮಾಡಬೇಕಾಯಿತು. ಪುರುಷ ವಿದ್ಯಾರ್ಥಿಗಳ ಜತೆಯಲ್ಲಿಯೇ ಕುಳಿತು ಆಕೆಯು ಪರೀಕ್ಷೆಯನ್ನು ಕೊಟ್ಟಳು. ಬಿ.ಸಿ.ಎಲ್. ಪರೀಕ್ಷೆಗೆ ಕುಳಿತ ಪ್ರಥಮ ಮಹಿಳೆಯು ಒಬ್ಬ ಭಾರತೀಯಳು! ಆದರೆ ಪದವಿಪತ್ರ? ಸ್ತ್ರೀಯರಿಗೆ ಪದವಿ ಕೊಡಲು ಆಕ್ಸಫರ್ಡು ಒಪ್ಪಿದ್ದು 1920ರಲ್ಲಿ; ಕೊರ್ನೇಲಿಯಾರವರ ಕೈಗೆ ಪದವಿಯು ಬಂದದ್ದು 1922ರಲ್ಲಿ. ಇಪ್ಪತ್ತೈದರ ಹರೆಯದಲ್ಲಿ ಗಳಿಸಿದ ಫಲವನ್ನು ಐವತ್ತಾರರ ಅಂಚಿನಲ್ಲಿ ಪಡೆಯಬೇಕಾಯಿತು.

ತಾಯ್ನಾಡಿಗೆ ಮರಳಿದ ಮೇಲೂ ಇದೇ ಪಾಡು. 1897ರಲ್ಲಿ ಮುಂಬಯಿಯ ಎಲ್.ಎಲ್.ಬಿ. ಪರೀಕ್ಷೆಯನ್ನೂ, ಆ ಬಳಿಕ ಅಲಹಾಬಾದಿನ ವಕೀಲಿ ಪರೀಕ್ಷೆಯನ್ನೂ ಮುಗಿಸಿದರೂ ನ್ಯಾಯಾಲಯದಲ್ಲಿ ನಿಂತು ವಾದಿಸುವ ಅಧಿಕಾರ ದೊರೆಯಲಿಲ್ಲ. 1904ರಿಂದ ಬಂಗಾಲದ ಕೋರ್ಟ್ ಆಫ್ ವಾರ್ಡ್ಸ್ ಖಾತೆಗೆ ಸಲಹೆಗಾರಳಾಗಿ, ಪರದೆಯ ಹಿಂದೆ ಬಾಳುತ್ತಿದ್ದ ವಿಧವೆಯರ ಮತ್ತು ಅನಾಥ ಬಾಲಕರ ಆಸ್ತಿಯ ರಕ್ಷಣೆಗಾಗಿ ಆಕೆಯು ಪಲ್ಲಕ್ಕಿ, ದೋಣಿ, ರೈಲುಗಳಲ್ಲಿ ಸಂಚರಿಸಿದರು. ಪರಪುರುಷರೊಡನೆ ಮಾತನಾಡಲಾರದ ಆ ಹೆಂಗಸರಿಗೆ ತಮ್ಮ ಆಸ್ತಿಯನ್ನು ದಿವಾನನೋ ದಾಯಾದಿಯೋ ನುಂಗುತ್ತಿರುವದು ತಿಳಿದಿದ್ದರೂ ಕಾಯದೆಯ ಬಾಗಿಲಿಗೆ ಬರುವ ದಾರಿ ಇರಲಿಲ್ಲ. ಆ ದಾರಿಯು ತಾನೇ ಅವರ ಮನೆಬಾಗಿಲಿಗೆ ಹೋಯಿತು. ಸ್ತ್ರೀಯರು ವಕೀಲರಾಗಬಹುದೆಂದು ಭಾರತದಲ್ಲಿ ಕಾಯದೆಯಾದದ್ದು 1923ರಲ್ಲಿ. ಆ ಬಳಿಕವೇ ಕಲಕತ್ತೆಯಲ್ಲಿ ಆಕೆಯು ವಕೀಲಿಯನ್ನು ಆರಂಭಿಸಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಈ ಧೀರ ಮಹಿಳೆಯು ರಾಷ್ಟ್ರೀಯ ಚಳವಳಿಯ ಪಕ್ಷಪಾತಿಯಾಗಿರಲಿಲ್ಲ. ಗಾಂಧೀಜಿಯವರ ಮಾರ್ಗವನ್ನು ಆಕೆಯು ಬಹಿರಂಗವಾಗಿ ವಿರೋಧಿಸಿದರು. 1927ರಲ್ಲಿ ನಮ್ಮ ದೇಶವನ್ನೆಲ್ಲ ಹಳಿದು ಬರೆದ ಕ್ಯಾಥರೀನ್ ಮೇಯೋಳ ಗ್ರಂಥವನ್ನು ಸಮರ್ಥಿಸಿದರು. ತನಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕಸಿದ ಸರಕಾರಕ್ಕೇ ಆಕೆಯು ನಿಷ್ಠಳಾಗಿ ಉಳಿದದ್ದು ವಿಧಿಯ ವಿಡಂಬನೆ. ಇದನ್ನು ನೆನೆದು ಆಕೆಯ ಸಾಧನೆಯನ್ನು ಅಲ್ಲಗಳೆಯುವದು ಸಲ್ಲದು. ಸಾಧನೆಯನ್ನು ನೆನೆದು ಇದನ್ನು ಮರೆಯುವದೂ ಸಲ್ಲದು. ಯೋಗ್ಯತೆಗೆ ಸಲ್ಲುವ ವೇತನವು ಅಭಿಪ್ರಾಯಗಳ ಮೇಲೆ ನಿಲ್ಲತಕ್ಕದ್ದಲ್ಲ ಎಂಬ ತತ್ತ್ವವನ್ನು ನಾವು ನಮಗೆ ಒಪ್ಪದವರ ವಿಷಯದಲ್ಲಿ ಎತ್ತಿಹಿಡಿದರೆ ಮಾತ್ರ ಅದು ತತ್ತ್ವವೆನಿಸುವದು.

ಕರಾರಿನಿಂದ ಹೋದವರು, ಸಾಲದಿಂದ ಹೋದವರು

ಶ್ರೀಮತಿ ಹಾಬ್‌ಹೌಸ್‌ರವರು ಪತ್ರಿಕೆಗೆ ಬರೆದ ಅದೇ 1888ರಲ್ಲಿ ಕಾಠಿಯಾವಾಡದ ಇನ್ನೊಬ್ಬ ತರುಣನು ಕಾಯದೆಯ ವ್ಯಾಸಂಗಕ್ಕಾಗಿ ವಿಲಾಯತಿಗೆ ಹೋಗಲು ಸಹಾಯವನ್ನು ಅರಸುತ್ತಿದ್ದನು. ಪೋರಬಂದರದ ಆಡಳಿತಾಧಿಕಾರಿ ಲೇಲಿಸಾಹೇಬನ ಬಳಿಗೆ ಹೋಗಿ ನಮಸ್ಕರಿಸಿ ಕೇಳಿದರೆ, ಮೊದಲು ಬಿ.ಎ. ಮುಗಿಸಿ ಬಾ, ಈಗ ಸಹಾಯವಿಲ್ಲ ಎಂದು ಆತನು ಮೆಟ್ಟಲ ಮೇಲಿನಿಂದಲೇ ಕಳಿಸಿಬಿಟ್ಟನು. ಅಣ್ಣನು ಹೇಗೋ ಹಣ ಹೊಂದಿಸಿದನು; ಮುಂಬಯಿಯಲ್ಲಿ ಜಾತಿಯವರು ಬಹಿಷ್ಕಾರ ಹಾಕಿದರು; ಆದರೂ ಸೆಪ್ಟಂಬರ 4ಕ್ಕೆ ಆ ತರುಣನು ಹಡಗವನ್ನೇರಿದನು. ಮೋಹನದಾಸ ಕರಮಚಂದ ಗಾಂಧಿಯವರಿಗೆ ಶಿಷ್ಯವೃತ್ತಿಯು ದೊರೆಯದಿದ್ದುದರಿಂದ ಜಗತ್ತಿಗೇನೂ ನಷ್ಟವಾಗಲಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಹೊಂದಿಸಿಕೊಡುವ ಅಣ್ಣನಿಲ್ಲದ ಎಷ್ಟು ಮಂದಿ ತರುಣರು ಅದೇ ಮೆಟ್ಟಲಿನಿಂದ ಮನೆಗೆ ಮರಳಿದರೆಂಬುದನ್ನು ಯಾವ ಇತಿಹಾಸವೂ ಬರೆದಿಟ್ಟಿಲ್ಲ.

ಅಂಥ ಅಣ್ಣನಾಗಲಿ ಆಸ್ತಿಯಾಗಲಿ ಇಲ್ಲದವರಿಗೆ ರಾಜಾಶ್ರಯವೊಂದೇ ಗತಿಯಾಗಿದ್ದಿತು. 1913ರಲ್ಲಿ ಬಡೋದೆಯ ಸಯಾಜಿರಾವ ಗಾಯಕವಾಡ ಮಹಾರಾಜರು ಭೀಮರಾವ ಅಂಬೇಡಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ಶಿಷ್ಯವೃತ್ತಿಯನ್ನು ಕೊಟ್ಟರು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಅದಕ್ಕಿದ್ದಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿ, 1915ರಲ್ಲಿ ಎಂ.ಎ. ಪದವಿ ಪಡೆದು, 1916ರಲ್ಲಿ ಅವರು ಲಂಡನ್ನಿಗೆ ಹೋದರು. ಬ್ಯಾರಿಸ್ಟರಿಗಾಗಿ ಗ್ರೇಸ್ ಇನ್ ಸಂಸ್ಥೆಯನ್ನೂ ಅರ್ಥಶಾಸ್ತ್ರಕ್ಕಾಗಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸನ್ನೂ ಸೇರಿದರು. ಅಷ್ಟರಲ್ಲಿ ಶಿಷ್ಯವೃತ್ತಿಯ ಅವಧಿ ಮುಗಿಯಿತು. 1917ರಲ್ಲಿ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಬಡೋದೆಗೆ ಬರಬೇಕಾಯಿತು.

ಅಲ್ಲಿ ಅವರಿಗೆ ದೊರೆತ ಸ್ವಾಗತವನ್ನು ಅವರೇ ಬರೆದಿಟ್ಟಿದ್ದಾರೆ. ಊರಲ್ಲಿ ಇಳಿದುಕೊಳ್ಳಲು ಜಾಗವಿಲ್ಲ; ಹೆಸರು ಮರೆಯಿಸಿ ಪಾರಸೀ ವಸತಿಗೃಹದಲ್ಲಿ ಇದ್ದುದು ಬಯಲಾದಾಗ ಕೋಲು ಹಿಡಿದ ಜನರು ಬಂದು ಹೊರಡಿಸಿದರು. ಎರಡು ಖಂಡಗಳ ವಿದ್ಯೆಯನ್ನು ಹೊತ್ತು ಬಂದ ವಿದ್ವಾಂಸನು ಕಮಾಟಿ ಬಾಗಿನ ಮರದ ಕೆಳಗೆ ಕುಳಿತು ಕಣ್ಣೀರು ಹಾಕಬೇಕಾಯಿತು. ಕರಾರಿನಲ್ಲಿ ಅಂಬೇಡಕರರ ಕರ್ತವ್ಯವೇನೆಂದು ಬರೆದಿದ್ದರು. ಮರಳಿ ಬಂದವನಿಗೆ ತಲೆಯ ಮೇಲೊಂದು ಸೂರನ್ನು ಕೊಡುವದು ಸಮಾಜದ ಕರ್ತವ್ಯವೆಂದು ಯಾರೂ ಬರೆದಿರಲಿಲ್ಲ. ವಿದ್ಯೆಗೆ ಹಣ ಕೊಟ್ಟು ವಿದ್ಯಾವಂತನಿಗೆ ಮಾನ ಕೊಡದ ಸಮಾಜವು ಬೀಜಕ್ಕೆ ಬೆಲೆ ತೆತ್ತು ಬೆಳೆಗೆ ಬೆಂಕಿಯಿಡುವ ರೈತನಂತೆ ಅಲ್ಲವೇ?

ಆದರೂ ಅವರು ಎದೆಗುಂದಲಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ ಭಾಠೇನಾರ ಸಾಲ, ಇವಿಷ್ಟನ್ನು ಕಟ್ಟಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು, 1922ರಲ್ಲಿ ಬ್ಯಾರಿಸ್ಟರಾದರು, 1923ರಲ್ಲಿ ಡಿ.ಎಸ್‌ಸಿ. ಪದವಿಯನ್ನೂ ಪಡೆದರು. ಆ ಮೇಲೆ ಅವರು ಋಣವನ್ನು ತೀರಿಸಿದ ಬಗೆಯು ಯಾವ ಸಂಸ್ಥಾನದ ಕರಾರಿನಲ್ಲಿಯೂ ಇರಲಿಲ್ಲ. 1925ರಲ್ಲಿ ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ನಿಪ್ಪಾಣಿಯಲ್ಲಿ ಸೇರಿದ ಅಸ್ಪೃಶ್ಯರ ಪ್ರಾಂತಿಕ ಪರಿಷತ್ತಿಗೆ ಅವರು ಅಧ್ಯಕ್ಷರಾಗಿ ಬಂದರು. 1928ರಲ್ಲಿ ದಲಿತವರ್ಗಗಳ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ ನಡೆದ ವಿದ್ಯಾರ್ಥಿನಿಲಯಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿಯೇ ಇದ್ದಿತು. ತನಗೆ ತಲೆಯಿಡಲು ಜಾಗ ದೊರೆಯದಿದ್ದ ಮನುಷ್ಯನು ಕನ್ನಡದ ಬಡ ಮಕ್ಕಳಿಗೆ ಜಾಗ ಮಾಡಿಕೊಟ್ಟನು. ವೈಸರಾಯರ ಕಾರ್ಯಕಾರೀ ಸಮಿತಿಯಲ್ಲಿದ್ದಾಗ 1942ರಲ್ಲಿ ಅವರು ಸಲ್ಲಿಸಿದ ಮನವಿಯಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪರದೇಶ ವ್ಯಾಸಂಗಕ್ಕೆ ಸರಕಾರವು ಪ್ರತಿವರ್ಷ ಹಣ ತೆಗೆದಿಡಬೇಕೆಂಬ ಬೇಡಿಕೆಯೂ ಇದ್ದಿತು. ಸ್ವಾತಂತ್ರ್ಯಾನಂತರ 1954-55ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರೋತ್ತರ ಶಿಷ್ಯವೃತ್ತಿಯು ಅದೇ ದಾರಿಯಲ್ಲಿ ಬೆಳೆದ ಗಿಡ. 2025ರಲ್ಲಿ ಹಣವಿಲ್ಲವೆಂದು ಒಣಗಿಸಹೊರಟದ್ದು ಆ ಗಿಡವನ್ನೇ.

ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರನ್ನೂ ಇಲ್ಲಿ ನೆನೆಯದೆ ಇರಲಾಗದು. 1887ರಲ್ಲಿ ಜನಿಸಿದ ಇವರು ಮಂಗಳೂರಿನ ಕೆನರಾ ಹಾಯಸ್ಕೂಲಿನಿಂದ ಮದ್ರಾಸಿಗೂ, ಅಲ್ಲಿಂದ ಶಿಷ್ಯವೃತ್ತಿಯ ಬಲದಿಂದ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೂ ಹೋದರು. ಅಲ್ಲಿ ಅವರು ಓದಿದ್ದು ಗಣಿತ, ಆದರೆ ಐ.ಸಿ.ಎಸ್. ಸೇರಿ, ಕಲಕತ್ತೆಯ ಹಾಯಕೋರ್ಟಿನ ನ್ಯಾಯಾಧೀಶರಾಗಿ, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. 1947ರ ಅಕ್ಟೋಬರದಲ್ಲಿ ಸಿದ್ಧವಾದ ಸಂವಿಧಾನದ ಮೊದಲ ಕರಡು ಅವರ ಲೇಖನಿಯಿಂದ ಬಂದದ್ದು. ಅದನ್ನು ಪರಿಶೀಲಿಸಿ ರೂಪಗೊಳಿಸಿದ ಸಮಿತಿಯ ಅಧ್ಯಕ್ಷರು ಅಂಬೇಡಕರರು. ಒಬ್ಬನು ಸಾರಸ್ವತ ಮನೆತನದವನು, ಇನ್ನೊಬ್ಬನು ಅಸ್ಪೃಶ್ಯವೆನಿಸಿದ ಕುಲದವನು; ಇಬ್ಬರೂ ಶಿಷ್ಯವೃತ್ತಿಯ ಅನ್ನದಿಂದ ಪರದೇಶದಲ್ಲಿ ಕಲಿತವರು. ಸ್ವತಂತ್ರ ಭಾರತದ ಮೂಲ ಕಾಯದೆಯು ಈ ಎರಡು ಕೈಗಳಿಂದ ಹಾದುಬಂದಿತು. ಶಿಷ್ಯವೃತ್ತಿಗೆ ಹಾಕಿದ ಹಣವು ವ್ಯರ್ಥವೆನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಯಾರ ಹಣ, ಯಾರಿಗೆ ಋಣ?

ನ್ಯಾಯಶಾಸ್ತ್ರವನ್ನು ಕಲಿಯಲು ಪರದೇಶಕ್ಕೇಕೆ ಹೋಗಬೇಕು, ನಮ್ಮಲ್ಲಿ ಸ್ಮೃತಿಗಳಿಲ್ಲವೇ, ಕಾಲೇಜುಗಳಿಲ್ಲವೇ ಎಂದು ಕೇಳುವ ಸ್ವದೇಶಾಭಿಮಾನಿಗಳಿದ್ದಾರೆ. ಅವರ ಅಭಿಮಾನಕ್ಕೆ ನಮಸ್ಕಾರ. ಆದರೆ ಕಾಯದೆಯು ನೆರೆಯ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಂಡು ತಿದ್ದಿಕೊಳ್ಳುವ ವಿದ್ಯೆ. ನರಸಿಂಗರಾಯರು ಕರಡನ್ನು ಸಿದ್ಧಪಡಿಸಿದ ಮೇಲೆ ಅಮೇರಿಕೆ, ಕೆನಡಾ, ಐರ್ಲಂಡ, ಇಂಗ್ಲಂಡಗಳನ್ನು ಸಂಚರಿಸಿ ಅಲ್ಲಿಯ ನ್ಯಾಯಕೋವಿದರೊಡನೆ ಚರ್ಚಿಸಿದ್ದು ದಾಸ್ಯಬುದ್ಧಿಯಿಂದಲ್ಲ, ಮನೆ ಕಟ್ಟುವವನು ನಾಲ್ಕು ಮನೆಗಳನ್ನು ನೋಡಿ ಬರುವ ವಿವೇಕದಿಂದ. ದಾಸ್ಯವಿರುವದು ಹೋಗುವದರಲ್ಲಲ್ಲ, ಹೋಗಿ, ಅಲ್ಲಿಯದೆಲ್ಲ ಮೇಲು, ಇಲ್ಲಿಯದೆಲ್ಲ ಕೀಳು ಎಂಬ ಭ್ರಮೆಯನ್ನು ಹೊತ್ತು ಬರುವದರಲ್ಲಿ.

ಕೊಡುವವನ ಹಣದ ಮೂಲವನ್ನೂ ವಿಚಾರಿಸಬೇಕಾಗುತ್ತದೆ. ಆಕ್ಸಫರ್ಡಿನ ರೋಡ್ಸ್ ಶಿಷ್ಯವೃತ್ತಿಯು ಜಗತ್ತಿನಲ್ಲಿಯೇ ಪ್ರಖ್ಯಾತವಾದುದು. ಅದನ್ನು ತನ್ನ ಉಯಿಲಿನಿಂದ ಸ್ಥಾಪಿಸಿದ ಸೆಸಿಲ್ ರೋಡ್ಸ್ ಎಂಬವನು ದಕ್ಷಿಣ ಆಫ್ರಿಕೆಯ ವಜ್ರದ ಗಣಿಗಳಿಂದ ಐಶ್ವರ್ಯವನ್ನು ಕೂಡಿಹಾಕಿದ ಕಟ್ಟಾ ಸಾಮ್ರಾಜ್ಯವಾದಿ. ಭಾರತದಿಂದ ಮೊದಲಿಗರು ಅದಕ್ಕೆ ಆಯ್ಕೆಯಾದದ್ದು ನಾವು ಸ್ವತಂತ್ರರಾದ 1947ರಲ್ಲಿ. ಅವನ ಉಯಿಲಿನಲ್ಲಿ ಸ್ತ್ರೀಯರಿಗೆ ಸ್ಥಾನವೇ ಇರಲಿಲ್ಲ. ಇಂಗ್ಲಂಡಿನಲ್ಲಿ ಕಾಯದೆ ಬದಲಾದ ಮೇಲೆ 1977ರಲ್ಲಿ ಮೊಟ್ಟಮೊದಲು ಹೆಣ್ಣುಮಕ್ಕಳು ಆ ಶಿಷ್ಯವೃತ್ತಿಯನ್ನು ಪಡೆದರು. ಕೊರ್ನೇಲಿಯಾರಿಗೆ ಸರಕಾರವು ಹೆಣ್ಣೆಂದು ವೇತನವನ್ನು ನಿರಾಕರಿಸಿದ ಮೇಲೆ ಸುಮಾರು ತೊಂಬತ್ತು ವರ್ಷಗಳವರೆಗೆ ಈ ಬಾಗಿಲೂ ಮುಚ್ಚಿಯೇ ಇದ್ದಿತು! ಆದರೆ ಹಣದ ಮೂಲವು ಕಲುಷಿತವೆಂದು ಯೋಗ್ಯರು ಅದನ್ನು ಬಿಡಬೇಕೇ? ಗಣಿಯಲ್ಲಿ ದುಡಿದ ಕೂಲಿಯ ಬೆವರಿನಿಂದ ಬಂದ ಹಣವು ಬಡವರ ಪರವಾಗಿ ವಾದಿಸುವ ವಿದ್ಯೆಯಾಗಿ ಮಾರ್ಪಟ್ಟರೆ ಅದೂ ಒಂದು ಬಗೆಯ ಪ್ರಾಯಶ್ಚಿತ್ತವೇ. ಪಡೆದವರು ಕೊಟ್ಟವನ ಋಣಿಗಳಲ್ಲ. ಯಾರ ಬೆವರಿನಿಂದ ಆ ಹಣವು ಹುಟ್ಟಿತೋ ಅವರ ಋಣಿಗಳು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಇದೇ ರೋಡ್ಸ್ ಶಿಷ್ಯವೃತ್ತಿಯಿಂದ 1960ರಲ್ಲಿ ಆಕ್ಸಫರ್ಡಿಗೆ ಹೋದರು. ಅವರ ವಿಷಯವು ಕಾಯದೆಯಲ್ಲ. ಆದರೂ ಅವರ ಉದಾಹರಣೆಯು ಇಲ್ಲಿ ಸಲ್ಲುವದು. ಹಡಗವೇರುವ ಸಿದ್ಧತೆಯ ದಿನಗಳಲ್ಲಿಯೇ ಅವರ ಮನಸ್ಸಿನಿಂದ ಹೊರಟದ್ದು 'ಯಯಾತಿ', ಅದೂ ಕನ್ನಡದಲ್ಲಿ. ಆಂಗ್ಲಕವಿಯಾಗಬೇಕೆಂಬ ಹಂಬಲದ ತರುಣನು ಅಲ್ಲಿಂದ ಮರಳಿ ಕನ್ನಡದ ನಾಟಕಕಾರನಾದನು. ನ್ಯಾಯಶಾಸ್ತ್ರದಲ್ಲಿ ಇಂಥ ಮರಳುವಿಕೆಯನ್ನು ನಾವು ಎಷ್ಟು ಕಂಡಿದ್ದೇವೆ?

ಇಂದಿನ ಮೆಟ್ಟಲುಗಳು

ಇಂದು ಅವಕಾಶಗಳು ಕಡಿಮೆಯೇನೂ ಇಲ್ಲ. ಜಮ್ಷೇಟ್‌ಜಿ ಟಾಟಾರವರು 1892ರಲ್ಲಿ ಸ್ಥಾಪಿಸಿದ ದತ್ತಿಯು ಪರದೇಶ ವ್ಯಾಸಂಗಕ್ಕಾಗಿ ಇಂದಿಗೂ ಸಾಲರೂಪದ ಶಿಷ್ಯವೃತ್ತಿಯನ್ನು ಕೊಡುತ್ತಿದೆ; ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್‌ರು ಅದರ ಬಲದಿಂದಲೇ ಲಂಡನ್ನಿನಲ್ಲಿ ಓದಿದರು. ಕಾಮನ್‌ವೆಲ್ತ್, ಚೀವನಿಂಗ್, ಫುಲ್‌ಬ್ರೈಟ್, ಇನ್‌ಲ್ಯಾಕ್ಸ್, ಫೀಲಿಕ್ಸ್ ಮೊದಲಾದವುಗಳಿವೆ. 2022ರಿಂದ 2024ರ ವರೆಗೆ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಧನಂಜಯ ಚಂದ್ರಚೂಡರು ಇನ್‌ಲ್ಯಾಕ್ಸ್ ಶಿಷ್ಯವೃತ್ತಿಯಿಂದಲೇ ಹಾರ್ವರ್ಡಿನಲ್ಲಿ ಎಲ್.ಎಲ್.ಎಂ. ಓದಿದವರು. ಕರ್ನಾಟಕ ಸರಕಾರವೂ ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿಗಳಿಗಾಗಿ 'ಪ್ರಬುದ್ಧ' ಎಂಬ ಯೋಜನೆಯನ್ನು ಮಾಡಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಕರ್ನಾಟಕ ವಿಧಾನಮಂಡಲದ 1986ರ ಕಾಯದೆಯಿಂದ ಹುಟ್ಟಿದುದು. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ರೋಡ್ಸ್ ವಿದ್ವಾಂಸರಾಗಿ ಹೊರಬಂದಿದ್ದಾರೆ. ಕನ್ನಡನಾಡಿನ ನೆಲದ ಮೇಲೆ ನಿಂತ ಸಂಸ್ಥೆಯ ಈ ಕೀರ್ತಿಯು ನಮಗೆ ಹೆಮ್ಮೆಯ ವಿಷಯ.

ಆದರೆ ಆ ಶಾಲೆಯ ಹೆಬ್ಬಾಗಿಲಲ್ಲಿ ನಿಂತು ನೋಡಿರಿ. ಒಳಗೆ ಹೋಗುವ ಪ್ರವೇಶಪರೀಕ್ಷೆಯು ನಡೆಯುವದು ಆಂಗ್ಲಭಾಷೆಯಲ್ಲಿ. ಕನ್ನಡ ಶಾಲೆಯಲ್ಲಿ ಓದಿ, ಜಿಲ್ಲೆಯ ಕಾಲೇಜಿನಲ್ಲಿ ಕಾಯದೆಯನ್ನು ಕಲಿತ ಬೀದರದ ಅಥವಾ ಚಾಮರಾಜನಗರದ ಹುಡುಗಿಗೆ ಪರದೇಶದ ಶಿಷ್ಯವೃತ್ತಿಗಳ ಹೆಸರೇ ಕಿವಿಗೆ ಬೀಳುವದಿಲ್ಲ. ಬಿದ್ದರೂ ಅರ್ಜಿಯೊಡನೆ ಕಳಿಸಬೇಕಾದ ಉದ್ದೇಶಪತ್ರವನ್ನು ತಿದ್ದಿಕೊಡುವ ಗುರುವಿಲ್ಲ. ಶಿಫಾರಸು ಪತ್ರವೆಂದರೆ ನಡತೆಯ ಪ್ರಮಾಣಪತ್ರವೆಂದು ತಿಳಿದ ಪ್ರಾಚಾರ್ಯರಿದ್ದಾರೆ. ಆಂಗ್ಲಭಾಷಾ ಪರೀಕ್ಷೆಯ ಶುಲ್ಕ, ವಿಶ್ವವಿದ್ಯಾಲಯಗಳ ಅರ್ಜಿಯ ಶುಲ್ಕ, ಸ್ಥಾನವನ್ನು ಕಾಯ್ದಿರಿಸುವ ಮುಂಗಡ, ಪರವಾನಿಗೆಯ ಖರ್ಚು, ಇವೆಲ್ಲವೂ ಶಿಷ್ಯವೃತ್ತಿಯು ಕೈಸೇರುವದಕ್ಕಿಂತ ಮೊದಲೇ ಬರುವವು. ಗೆದ್ದ ಮೇಲೆ ದೊರೆಯುವ ಹಣವನ್ನು ಗೆಲ್ಲಲು ಮೊದಲು ಹಣ ಬೇಕು! ಹೀಗಾಗಿ ಯೋಗ್ಯತೆಯ ಹೆಸರಿನ ಓಟದಲ್ಲಿ ಕೆಲವರು ಗೆರೆಯಿಂದ ಹೊರಡುತ್ತಾರೆ, ಕೆಲವರು ಗೆರೆಯನ್ನು ಹುಡುಕುವದರಲ್ಲಿಯೇ ದಣಿಯುತ್ತಾರೆ.

ಇನ್ನು ಸರಕಾರದ ನಿಯಮಗಳ ಮಾತು. ಸಾಗರೋತ್ತರ ಶಿಷ್ಯವೃತ್ತಿಗೆ ಇತ್ತೀಚಿನ ವರ್ಷಗಳಲ್ಲಿ 125 ಸ್ಥಾನಗಳಿವೆ. ಕುಟುಂಬದ ಉತ್ಪನ್ನವು ವರ್ಷಕ್ಕೆ 8 ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಇಷ್ಟು ದೊಡ್ಡ ದೇಶಕ್ಕೆ 125 ಹೆಚ್ಚಲ್ಲ. ಅದರ ಮೇಲೆ 2022ರಲ್ಲಿ ಹೊಸ ನಿಯಮವೊಂದು ಬಂದಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಾಮಾಜಿಕ ಅಧ್ಯಯನಗಳನ್ನು ಕುರಿತ ಸಂಶೋಧನೆಗೆ ಈ ಶಿಷ್ಯವೃತ್ತಿಯು ದೊರೆಯದು, ಇವುಗಳನ್ನು ಇಲ್ಲಿಯೇ ಅಭ್ಯಾಸ ಮಾಡಬಹುದೆಂಬುದು ವಾದ. ಈ ವಾದವು ಮೇಲುನೋಟಕ್ಕೆ ಸ್ವದೇಶಾಭಿಮಾನದಂತೆ ಕಾಣುವದು. ಆದರೆ ಅಮೇರಿಕೆಯ ವರ್ಣಭೇದದ ಕಾಯದೆಗಳನ್ನೂ ನಮ್ಮ ಅಸ್ಪೃಶ್ಯತಾ ನಿವಾರಣೆಯ ಕಾಯದೆಯನ್ನೂ ತೂಗಿನೋಡಲು ಬಯಸುವ ವಿದ್ಯಾರ್ಥಿಯ ಗತಿಯೇನು? 1916ರಲ್ಲಿ ಅಂಬೇಡಕರರು ಕೊಲಂಬಿಯಾದಲ್ಲಿ ಕುಳಿತು ಓದಿದ ಪ್ರಬಂಧವು ಭಾರತದ ಜಾತಿಗಳನ್ನು ಕುರಿತದ್ದೇ ಆಗಿದ್ದಿತು. ಅವರ ದಾರಿಯಲ್ಲಿ ನಡೆಯಲೆಂದು ಕೊಡುವ ಹಣದಿಂದ ಅವರ ವಿಷಯವನ್ನೇ ಹೊರಗಿಡುವದು ಯಾವ ನ್ಯಾಯ?

ಆಗಬೇಕಾದದ್ದೇನು? ಮೊದಲನೆಯದಾಗಿ, ಆಯ್ಕೆಯ ಪಟ್ಟಿಯು ಹೊರಡುವ ಮೊದಲೇ ಹಣವು ಬದಿಗಿರಬೇಕು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಹಣವಿಲ್ಲವೆನ್ನುವದು ಎಲೆ ಹಾಕಿ ಕೂಡ್ರಿಸಿ ಅನ್ನವಿಲ್ಲವೆಂದ ಹಾಗೆ. ಎರಡನೆಯದಾಗಿ, ಗೆಲ್ಲುವ ಮೊದಲಿನ ಖರ್ಚಿಗಾಗಿ ಬಡ ವಿದ್ಯಾರ್ಥಿಗಳಿಗೆ ಸಣ್ಣ ನೆರವೊಂದು ಬೇಕು. ಅದು ನಮ್ಮ ಮಠಗಳಿಗೂ ಸಹಕಾರಿ ಬ್ಯಾಂಕುಗಳಿಗೂ ವಕೀಲರ ಸಂಘಗಳಿಗೂ ಮೀರಿದ ಮಾತಲ್ಲ. ಕೊರ್ನೇಲಿಯಾರ ಶಿಷ್ಯವೃತ್ತಿಯನ್ನು ಜನರೇ ಕೂಡಿಸಿದ್ದನ್ನು ನೆನೆಯಬೇಕು. ಮೂರನೆಯದಾಗಿ, ಈ ಶಿಷ್ಯವೃತ್ತಿಗಳ ವಿವರವು ಕನ್ನಡದಲ್ಲಿ ಪ್ರತಿಯೊಂದು ಕಾನೂನು ಕಾಲೇಜಿಗೂ ತಲುಪಬೇಕು. ಗೆದ್ದುಬಂದ ಹಿರಿಯರು ವರ್ಷಕ್ಕೆ ನಾಲ್ಕು ದಿನವಾದರೂ ಜಿಲ್ಲೆಯ ಕಾಲೇಜುಗಳಲ್ಲಿ ಕುಳಿತು ಕಿರಿಯರ ಅರ್ಜಿಗಳನ್ನು ತಿದ್ದಿಕೊಡಬೇಕು.

ಕೊನೆಯದಾಗಿ ಗೆದ್ದವರಿಗೊಂದು ಮಾತು. ಮರಳಿ ಬಂದ ಮೇಲೆ ಇಂತಿಷ್ಟು ವರ್ಷ ಸೇವೆ ಮಾಡಿರೆಂದು ಕರಾರು ಬರೆಯಿಸಿಕೊಳ್ಳುವದರಿಂದ ದೇಹವು ಬರಬಹುದು, ಮನಸ್ಸು ಬಾರದು. ಬಾಳನ್ನು ಎಲ್ಲಿಯೇ ಕಟ್ಟಿಕೊಳ್ಳಿರಿ. ಆದರೆ ನಮ್ಮ ನ್ಯಾಯಾಲಯಗಳ ಕಡೆಗೊಮ್ಮೆ ಕಣ್ಣು ಹಾಯಿಸಿರಿ. ತಾಲೂಕಿನ ಕೋರ್ಟಿನಲ್ಲಿ ಕನ್ನಡದಲ್ಲಿ ತನ್ನ ದಾವೆಯನ್ನು ಕೇಳಿಸಿಕೊಂಡ ರೈತನು ಮೇಲ್ಮನವಿಗಾಗಿ ಹಾಯಕೋರ್ಟಿಗೆ ಹೋದೊಡನೆ ತನ್ನ ಹೊಲದ ಕಥೆಯೇ ತನಗೆ ತಿಳಿಯದಂತಾಗುವದು. ಅಲ್ಲಿಯ ವಾದವೂ ತೀರ್ಪೂ ಆಂಗ್ಲದಲ್ಲಿ. ಕೊರ್ನೇಲಿಯಾರು ಕಂಡ ಹೆಂಗಸರ ಮುಂದೆ ಬಟ್ಟೆಯ ಪರದೆಯಿದ್ದಿತು; ನಮ್ಮ ಜನರ ಮುಂದೆ ಭಾಷೆಯ ಪರದೆಯಿದೆ. ಆಕ್ಸಫರ್ಡು ಹಾರ್ವರ್ಡುಗಳಲ್ಲಿ ಕಲಿತ ನೂರು ಮಂದಿ ತಲಾ ಒಂದೊಂದು ಶಾಸ್ತ್ರಗ್ರಂಥವನ್ನು ತಿಳಿಗನ್ನಡದಲ್ಲಿ ಬರೆದರೆ, ಒಂದೊಂದು ಪ್ರಮುಖ ತೀರ್ಪನ್ನು ಸಾಮಾನ್ಯನಿಗೆ ತಿಳಿಯುವಂತೆ ವಿವರಿಸಿದರೆ, ಆ ಪರದೆಯಲ್ಲಿ ನೂರು ಕಿಂಡಿಗಳಾದರೂ ಆದಾವು.

ಶಿಷ್ಯವೃತ್ತಿಯು ಭಿಕ್ಷೆಯಲ್ಲ, ಬಹುಮಾನವೂ ಅಲ್ಲ. ಅದು ಎರಡು ಕಡೆಯ ಕರಾರು. ಗೆದ್ದವರಿಗೆ ಕೊಡುವದು ನಾಡಿನ ಪಾಲಿನ ಕರ್ತವ್ಯ. ಪಡೆದುದನ್ನು ನಾಡಿಗೆ ಮುಟ್ಟಿಸುವದು ಗೆದ್ದವರ ಪಾಲಿನದು. 1888ರಲ್ಲಿ ಸರಕಾರವು ತನ್ನ ಪಾಲನ್ನು ಸಲ್ಲಿಸಲಿಲ್ಲ. ಅಂದು ಆಳುತ್ತಿದ್ದವರು ಪರಕೀಯರೆಂದು ನಾವು ಸಮಾಧಾನ ಹೇಳಿಕೊಳ್ಳಬಹುದು. 2025ರಲ್ಲಿ ಆ ಸಮಾಧಾನಕ್ಕೂ ಎಡೆಯಿರಲಿಲ್ಲ. ನಮ್ಮ ಸರಕಾರದ ತಪ್ಪನ್ನು ನಾವೇ ತಿದ್ದಬೇಕು. ಅದನ್ನು ತಿದ್ದಿ, ಗೆದ್ದವರ ಕೈಗೆ ಸಕಾಲದಲ್ಲಿ ವೇತನವನ್ನಿಟ್ಟ ಮೇಲೆಯೇ ಅವರಿಂದ ಋಣವನ್ನು ಕೇಳುವ ಅಧಿಕಾರವು ನಮಗೆ ಬರುವದು.